ಮೂರು ಸಲವೂ ಒಂಬತ್ತು ಪಾಯಿಂಟ್ ಎಂಟು

ಸೋಮವಾರ ಮೂರನೆಯ ಪೀರಿಯಡ್ಡಿನಲ್ಲಿ, ಕಂಪ್ಯೂಟರ್ ಲ್ಯಾಬಿನ ಹನ್ನೊಂದನೆಯ ನಂಬರಿನ ಯಂತ್ರದ ಮುಂದೆ ಕೂತ ತೆನ್ಮೊಳಿಗೆ, ಶುಕ್ರವಾರ ತಾನು ಬರೆದಿದ್ದ ಬ್ಲಾಗಿನ ಕೆಳಗೆ ಒಂದೇ ಒಂದು ಸಾಲು ಕಾಣಿಸಿತು. ಅಕ್ಷರ ತಮಿಳು, ಮಾತು ಕನ್ನಡ.

"ಓದ್ದೆ. ನೀನು ಯಾರ ಮನೆ ಮಗು?"

ಹೆಸರಿರಬೇಕಾದ ಜಾಗದಲ್ಲಿ ಹೆಸರಿರಲಿಲ್ಲ. ತೆನ್ಮೊಳಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಕಿವಿಯ ಹಿಂದೆ ಬೆವರು ಒಡೆಯಿತು. ಪಕ್ಕದಲ್ಲಿ ಯಾರಾದರೂ ನೋಡಿದರೇ ಎಂದು ಪರದೆಗೆ ಅಂಗೈ ಅಡ್ಡ ಹಿಡಿದಳು. ಅಂಗೈ ಎಷ್ಟೆಂದರೂ ಅಂಗೈ, ಪರದೆಗೆ ಪರದೆಯಾಗುವಷ್ಟು ಅಗಲವಿರಲಿಲ್ಲ.

ತೆನ್ಮೊಳಿ ಎಂದರೆ ತಮಿಳಿನಲ್ಲಿ ಜೇನಿನಂಥ ಮಾತಿನವಳು. ಹೆಸರಿಟ್ಟವರು ಜೇನನ್ನಷ್ಟೇ ನೆನೆದಿದ್ದರು, ಜೇನುಹುಳಕ್ಕೆ ಕೊಂಡಿಯೂ ಇರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಕಾರಮಡೈಯಿಂದ ಮೆಟ್ಟುಪಾಳ್ಯಂಗೆ ಹೋಗುವ ರಸ್ತೆಯ ಪಕ್ಕದ ಶಾಲೆಯಲ್ಲಿ ಅವಳು ಪ್ಲಸ್ ಟೂ ಓದುತ್ತಿದ್ದಳು. ಯಾರ ದನಿಯನ್ನೂ ಒಮ್ಮೆ ಕೇಳಿದರೆ ಸಾಕು, ಅದನ್ನು ಗಂಟಲಿಗೆ ಇಳಿಸಿಕೊಂಡು ಬಿಡುತ್ತಿದ್ದಳು. ಹೆಡ್‌ಮಾಸ್ಟರ ಕೆಮ್ಮು, ಬಸ್ ಕಂಡಕ್ಟರನ ಸೀಟಿ, ಮನೆಯ ಮಗ್ಗದ ಲಟಕ್-ಪಟಕ್, ಎಲ್ಲವೂ ಬರುತ್ತಿತ್ತು. ನಾಲ್ಕು ಗೆಳತಿಯರ ಮುಂದೆ ಮಾಡಿ ತೋರಿಸುವುದಷ್ಟೇ ಆಗಿದ್ದಾಗ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಶುರುವಾದದ್ದು ಸತ್ಯಾ ಮಿಸ್ ಬ್ಲಾಗ್ ಕಲಿಸಲು ಶುರುಮಾಡಿದ ಮೇಲೆ.

ಸತ್ಯಾ ಮಿಸ್ ತಿರುನೆಲ್ವೇಲಿಯಿಂದ ಆ ವರ್ಷವೇ ಬಂದ ಕಂಪ್ಯೂಟರ್ ಟೀಚರು. ಪ್ರತಿ ಶುಕ್ರವಾರ ಒಬ್ಬೊಬ್ಬರೂ ಆ ವಾರದ ಯಾವುದಾದರೂ ಒಂದು ಪಾಠದ ಬಗ್ಗೆ ಬ್ಲಾಗಿನಲ್ಲಿ ಬರೆಯಬೇಕು. ಏನು ಕಲಿತೆ, ಎಲ್ಲಿ ಮುಗ್ಗರಿಸಿದೆ, ಮುಂದಿನ ಸಲ ಹೇಗೆ ಮಾಡುತ್ತೀಯೆ, ಇಷ್ಟೇ. ಬರೆದವರ ಹೆಸರಿನ ಬದಲು ಅವರ ಯಂತ್ರದ ನಂಬರು ಮಾತ್ರ ಕಾಣುತ್ತಿತ್ತು. ಮೊದಲ ಮೂರು ವಾರ ನಲವತ್ತೆರಡು ಮಕ್ಕಳೂ ನಲವತ್ತೆರಡು ಸಲ "ಪಾಠ ಬಹಳ ಉಪಯುಕ್ತವಾಗಿತ್ತು" ಎಂದು ಬರೆದರು. ನಾಲ್ಕನೆಯ ವಾರ ಮಿಸ್ ಮೇಜಿನ ಮೇಲೆ ತಲೆಯಿಟ್ಟುಕೊಂಡರು.

"ನೀವು ಮನೆಯಲ್ಲಿ ಯಾವ ಭಾಷೆಯಲ್ಲಿ ಯೋಚನೆ ಮಾಡ್ತೀರೋ ಅದರಲ್ಲೇ ಬರೀರಿ," ಎಂದರು ತಮಿಳಿನಲ್ಲಿ. "ನನಗೆ ಅರ್ಥ ಆಗದಿದ್ದರೂ ಪರವಾಗಿಲ್ಲ. ನಿಜ ಬರೀರಿ, ಸಾಕು."

ಅರ್ಥವಾಗದಿದ್ದರೂ ಪರವಾಗಿಲ್ಲ ಎಂಬ ಮಾತು ತೆನ್ಮೊಳಿಯ ಕಿವಿಗೆ ಬಾಗಿಲು ತೆಗೆದ ಸದ್ದಿನಂತೆ ಕೇಳಿಸಿತು. ನೇಕಾರರ ಬೀದಿಯ ಎಲ್ಲರ ಮನೆಯಲ್ಲಿರುವಂತೆ ಅವಳ ಮನೆಯಲ್ಲೂ ಮಾತು ಕನ್ನಡ. ಆ ಮಾತಿಗೆ ಇರುವ ಲಿಪಿಯನ್ನು ಬೀದಿಯಲ್ಲಿ ಯಾರೂ ಕಲಿತವರಿಲ್ಲ. ಶಾಲೆ ತಮಿಳು, ಅಂಗಡಿ ತಮಿಳು, ಪೋಸ್ಟಾಫೀಸು ತಮಿಳು. ಕನ್ನಡವೆಂದರೆ ಹೊಸ್ತಿಲ ಒಳಗಿನದು, ಚಿಲಕ ಹಾಕಿಕೊಂಡು ಆಡುವುದು. ಅದನ್ನು ತಮಿಳು ಅಕ್ಷರದಲ್ಲಿ ಬರೆದುಬಿಟ್ಟರೆ ಮಿಸ್‌ಗೆ ತಿಳಿಯುವುದಿಲ್ಲ, ಕಿಣತ್ತುಕಡವಿನಿಂದ ಬರುವ ಕೆಮಿಸ್ಟ್ರಿ ಸಾರ್ ದಂಡಪಾಣಿಯವರಿಗಂತೂ ಮೊದಲೇ ತಿಳಿಯುವುದಿಲ್ಲ. ಬೀದಿಯ ನಾಲ್ಕು ಗೆಳತಿಯರು ಓದಿ ನಗುತ್ತಾರೆ. ಅಲ್ಲಿಗೆ ಮುಗಿಯಿತು ಎಂದುಕೊಂಡು ಅವಳು ಬರೆದದ್ದು ಇದು:

"ಇವತ್ತು ಕೆಮಿಸ್ಟ್ರಿ ಲ್ಯಾಬು. ದಂಡಪಾಣಿ ಸಾರು ಒಳಗೆ ಕಾಲಿಟ್ಟಿದ್ದೇ 'ಪುರಿಯುದಾ?' ಅಂದ್ರು. ಇನ್ನೂ ಏನೂ ಹೇಳಿರ್ಲಿಲ್ಲ. ನಾವು 'ಪುರಿಯುದು ಸಾರ್' ಅಂದೋ. ಆ ಲ್ಯಾಬು ಮುಗಿಯೋದ್ರೊಳಗೆ ಮೂವತ್ತೇಳು ಸಲ ಪುರಿಯುದಾ ಕೇಳಿದ್ರು, ನಾನು ಎಣ್ಸಿದ್ದೀನಿ. ಮೂವತ್ತೇಳು ಸಲ ಪುರಿಯುದು ಅಂದೋ. ಒಂದು ಸಲಾನೂ ಪುರಿಯಲಿಲ್ಲ. ಸಾರು ಮೂಗಲ್ಲಿ ಕೇಳ್ತಾರೆ, ನಾವು ಬಾಯಲ್ಲಿ ಹೇಳ್ತೀವಿ, ನಡುವೆ ಕಿವಿ ಯಾರಿಗೂ ಬೇಡ. ಆಮೇಲೆ ಬ್ಯೂರೆಟ್ಟು, ಹನಿ ಹನಿ ಅಳೆಯೋ ಗಾಜಿನ ಕೊಳವೆ. ನಂದು ಮೂರನೇದು, ಅದು ಸೋರುತ್ತೆ. ನಂಗೆ ಮೊದಲ್ನೇ ಸಲ ಹನ್ನೆರಡು ಪಾಯಿಂಟ್ ಮೂರು ಬಂತು, ಎರಡ್ನೇ ಸಲ ಹತ್ತು ಪಾಯಿಂಟ್ ಆರು. ಆದ್ರೆ ಬೋರ್ಡ್ ಮೇಲೆ ಸಾರು ಕಾಲೈಲೇ, ನಾವು ಬರೋ ಮುಂಚೇನೇ ಬರೆದು ಮಡಗಿದ್ರು, ಮೂರು ಸಲವೂ ಒಂಬತ್ತು ಪಾಯಿಂಟ್ ಎಂಟು. ನಾವು ನಲವತ್ತೆರಡು ಪೇರೂ ರೆಕಾರ್ಡಲ್ಲಿ ಅದನ್ನೇ ಬರೆದೋ. ಸಾರು ಸೈನು ಹಾಕಿದ್ರು. ಇವತ್ತು ನಾನು ಕಲಿತದ್ದು: ಕಾಣದ್ದನ್ನ ಕಂಡಂಗೆ ಬರೆಯೋದು."

ಪುರಿಯುದಾ ಎಂದರೆ ಅರ್ಥವಾಯಿತಾ. ಅದೊಂದನ್ನು ಬಿಟ್ಟರೆ ಸತ್ಯಾ ಮಿಸ್‌ಗೆ ಅದರಲ್ಲಿ ಏನೂ ಅರ್ಥವಾಗಲಿಲ್ಲ. ಆದರೂ ಉದ್ದವಿದೆ, ಉಪಯುಕ್ತ ಎಂಬ ಪದವಿಲ್ಲ ಎಂದು ಸಂತೋಷಪಟ್ಟು ಅದನ್ನು ಬ್ಲಾಗಿಗೆ ಏರಿಸಿದರು, ಒಂದು ನಕ್ಷತ್ರವನ್ನೂ ಕೊಟ್ಟರು. ಏರಿಸಿದ್ದನ್ನು ಇಳಿಸುವ ಕೀಲಿ ಮಿಸ್ ಒಬ್ಬರ ಕೈಯಲ್ಲಿತ್ತು.

ಪೀರಿಯಡ್ಡು ಮುಗಿದ ಮೇಲೆ ತೆನ್ಮೊಳಿ ಮಿಸ್ ಹತ್ತಿರ ಹೋದಳು.

"ಮಿಸ್, ನನ್ನ ಶುಕ್ರವಾರದ್ದು ತೆಗೆದುಬಿಡಿ ಮಿಸ್. ತಪ್ಪು ತಪ್ಪಾಗಿ ಬರೆದಿದ್ದೀನಿ."

"ಏನು ತಪ್ಪು?"

ಏನು ತಪ್ಪೆಂದು ಹೇಳಿದರೆ ಅದೇ ದೊಡ್ಡ ತಪ್ಪು. 

"ಅಯ್ಯೋ, ತಪ್ಪಿರಬೇಕಮ್ಮಾ. ತಪ್ಪು ಕಾಣಿಸಲಿ ಅಂತಾನೇ ಬ್ಲಾಗ್ ಬರೆಸ್ತಿರೋದು," ಎಂದು ಮಿಸ್ ಅವಳ ಬೆನ್ನು ತಟ್ಟಿದರು.

ಅವಳ ಭಯಕ್ಕೆ ಒಂದು ಲೆಕ್ಕವಿತ್ತು. ಮೂರು ವಾರದಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಮೂವತ್ತು ಮಾರ್ಕು. ಅದರಲ್ಲಿ ಹತ್ತು ನೇರವಾಗಿ ದಂಡಪಾಣಿ ಸಾರ್ ಕೈಯಿಂದ ಬೀಳಬೇಕು, ಉಳಿದ ಇಪ್ಪತ್ತು ಹೊರಗಿನಿಂದ ಬರುವ ಪರೀಕ್ಷಕರು ಹಾಕಬೇಕು. ಆದರೆ ಸಾರ್ ಸೈನ್ ಹಾಕಿದ ರೆಕಾರ್ಡ್ ಇಲ್ಲದಿದ್ದರೆ ಪರೀಕ್ಷೆಯ ಬಾಗಿಲೇ ತೆರೆಯುವುದಿಲ್ಲ. ನರ್ಸಿಂಗ್ ಸೀಟಿನ ಪಟ್ಟಿಯಲ್ಲಿ ಅರ್ಧ ಮಾರ್ಕು ಒಬ್ಬಳನ್ನು ಒಳಗಿಡುತ್ತದೆ, ಇನ್ನೊಬ್ಬಳನ್ನು ಹೊರಗಿಡುತ್ತದೆ. ಒಳಗಿರುವವಳು ತಾನೇ ಎಂದು ತೆನ್ಮೊಳಿ ಹತ್ತನೇ ಕ್ಲಾಸಿನಿಂದಲೂ ಅಂದುಕೊಂಡಿದ್ದಳು. ಆ ಸೀಟು ಈಗ ದಂಡಪಾಣಿ ಸಾರ್ ಅವರ ಕೆಂಪು ಪೆನ್ನಿನ ತುದಿಯಲ್ಲಿ ತೂಗುತ್ತಿತ್ತು.

ಮಂಗಳವಾರ ಕೆಮಿಸ್ಟ್ರಿ ಪೀರಿಯಡ್ಡಿನಲ್ಲಿ ಸಾರ್ ಬಂದರು. ಹೆಸರಿನಲ್ಲೇ ದಂಡವನ್ನು ಹಿಡಿದವರು, ಕೈಯಲ್ಲಿ ಬೇರೆ ಹಿಡಿಯುವ ಅಗತ್ಯ ಇರಲಿಲ್ಲ. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಎರಡು ಪೆನ್ನು, ಮೂಗಿನಿಂದ ಹೊರಡುವ ದನಿ. ಬೋರ್ಡಿಗೆ ತಿರುಗಿ ಬರೆಯುತ್ತಿದ್ದವರು ತಟ್ಟನೆ ನಿಂತರು.

"ತೆನ್ಮೊಳಿ. ಎದ್ದೇಳು."

ಎದ್ದಳು. ಮೊಣಕಾಲು ಬೆಂಚಿಗೆ ತಗುಲಿ ಕಂಪಾಸ್ ಪೆಟ್ಟಿಗೆ ನೆಲಕ್ಕೆ ಬಿದ್ದು, ಒಳಗಿದ್ದದ್ದೆಲ್ಲ ಚೆಲ್ಲಿತು.

"ಫೆರಸ್ ಸಲ್ಫೇಟಿನ ಬಣ್ಣ ಏನು?"

"ಹ... ಹಸಿರು ಸಾರ್. ತಿಳಿ ಹಸಿರು."

"ಕೂತ್ಕೋ. ಪುರಿಯುದಾ?"

ನಲವತ್ತೆರಡು ಬಾಯಿ ಪುರಿಯುದು ಎಂದವು. ತೆನ್ಮೊಳಿ ಬಗ್ಗಿ ಚೆಲ್ಲಿದ್ದನ್ನು ಪೆಟ್ಟಿಗೆಗೆ ತುಂಬಿಕೊಂಡಳು. ಸಾರ್ ತನ್ನನ್ನೇ ಯಾಕೆ ಎಬ್ಬಿಸಿದರು, ಬಣ್ಣವನ್ನೇ ಯಾಕೆ ಕೇಳಿದರು, ಕೂರಿಸುವ ಮುಂಚೆ ಒಂದು ಗಳಿಗೆ ಹೆಚ್ಚು ನೋಡಿದರಾ? ಆ ದಿನವೆಲ್ಲ ಅವಳು ಸಾರ್ ಅವರ ಒಂದೊಂದು ಮಾತನ್ನೂ ಮಗುಚಿ ಮಗುಚಿ ಅದರ ಅಡಿಯಲ್ಲಿ ಏನಿದೆ ಎಂದು ಹುಡುಕಿದಳು. ಊಟದ ಡಬ್ಬಿ ಹಾಗೇ ಮನೆಗೆ ವಾಪಸು ಹೋಯಿತು.

"ಯಾಕ ಅಮ್ಮಣಿ, ಸೋರು ಹಂಗೇ ಐತೆ?" ಎಂದು ಅವಳ ತಾಯಿ ನಾಚಿಯಮ್ಮ ರಾಟೆ ನಿಲ್ಲಿಸಿ ಕೇಳಿದಳು. "ಮೈ ಸುಡ್ತಾ ಐತಾ?"

"ಇಲ್ಲಮ್ಮಾ. ಪಸಿ ಇಲ್ಲ."

"ಪಸಿ ಇಲ್ದೆ ಇರೋ ವಯಸ್ಸಾ ಇದು," ಎಂದು ನಾಚಿಯಮ್ಮ ಮತ್ತೆ ರಾಟೆ ತಿರುಗಿಸಿದಳು.

ಬುಧವಾರ ಆ ಹೆಸರಿಲ್ಲದ ಸಾಲಿಗೆ ಮುಖ ಬಂತು. ಶಾಲೆಯ ಕರೆಸ್ಪಾಂಡೆಂಟ್ ಬೆಳ್ಳಿಯಪ್ಪ ಕ್ಲಾಸಿಗೇ ನಡೆದುಕೊಂಡು ಬಂದರು. ಟೀಚರುಗಳನ್ನು ಇಡುವುದು, ಬಿಡುವುದು ಎಲ್ಲ ಅವರ ಕೈಯಲ್ಲಿ. ಮೆಟ್ಟುಪಾಳ್ಯಂನಲ್ಲಿ ಆಲೂಗಡ್ಡೆ ಮಂಡಿ ನಡೆಸಿದವರು, ಮಂಡಿನೋವು ಬಂದ ಮೇಲೆ ಮಂಡಿಯನ್ನು ಮಗನಿಗೆ ಬಿಟ್ಟು ಶಾಲೆ ನೋಡಿಕೊಳ್ಳಲು ಬಂದವರು. ಅವರ ಮನೆತನವೂ ಕನ್ನಡದ್ದೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿರುವುದೇ ಬೇರೆ, ಬರೆಯುವಾಗ ನೆನಪಿಗೆ ಬರುವುದೇ ಬೇರೆ. ಶಾಲೆಯಲ್ಲಿ ಅವರು ಕನ್ನಡದ ಒಂದು ಪದ ಆಡಿದ್ದನ್ನು ಯಾರೂ ಕೇಳಿರಲಿಲ್ಲ.

ಅವರು ಊರುಗೋಲನ್ನು ಬಾಗಿಲಿಗೆ ಒರಗಿಸಿ, ಎಲ್ಲರ ಮುಂದೆ ಕನ್ನಡದಲ್ಲಿ ಕೇಳಿದರು.

"ಹನ್ನೊಂದ್ನೇ ನಂಬರು ಯಾರು? ಕೇಳ್ವಿ ಕೇಳಿದ್ನಲ್ಲ, ಜವಾಬೇ ಬರ್ಲಿಲ್ಲ."

ತೆನ್ಮೊಳಿ ಎದ್ದು ನಿಂತಳು. "ನಾನು ಐಯಾ. ಗುರುಸಾಮಿ ಮಗಳು. ಮಗ್ಗದ ಬೀದಿ."

"ಗುರುಸಾಮಿ ಮಗಳಾ. ಸರಿ ಸರಿ." ಮುದುಕರು ನಕ್ಕರು. ಬಾಯಿ ನಕ್ಕಿತೇ ಹೊರತು ಕಣ್ಣು ಅವಳ ಮುಖವನ್ನು ಬಿಡಲಿಲ್ಲ. "ಶನಿವಾರ ಅಪ್ಪ ಅಮ್ಮಂದಿರ ಮೀಟಿಂಗ್ ಐತೆ. ಅದನ್ನ ಮೈಕಲ್ಲಿ ಓದು. ನಮ್ಮ ಮಾತು ಈ ಹಾಲಲ್ಲಿ ಒಂದು ದಿವ್ಸಾನೂ ಕೇಳಿಲ್ಲ. ಒಂದು ಅಚ್ಚರ ಬಿಡಬಾರ್ದು, ಏನು?"

ಪಕ್ಕದಲ್ಲಿ ನಿಂತಿದ್ದ ಸತ್ಯಾ ಮಿಸ್ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು. ಅವರಿಗೆ ಆ ಮಾತೂ ಅರ್ಥವಾಗಿರಲಿಲ್ಲ.

ಅವತ್ತು ಸಂಜೆ ಬಸ್ ಸ್ಟಾಪಿನಲ್ಲಿ ತೆನ್ಮೊಳಿ ತನ್ನ ಗೆಳತಿ ಅಭಿನಯಾಳ ಕೈ ಹಿಡಿದುಕೊಂಡಳು. ಅಭಿನಯಾ ಪಕ್ಕದ ಬೀದಿಯವಳು, ಶುಕ್ರವಾರ ಮೊದಲು ಓದಿ ಮೊದಲು ನಕ್ಕವಳು.

"ನಾನು ಬೇರೆ ಏನಾದ್ರೂ ಓದಿಬಿಡ್ತೀನಿ ಡಿ. ಸಾರು ಚೆಂದಾಗಿ ಪಾಠ ಮಾಡ್ತಾರೆ, ಪಿಪೆಟ್ಟು ಚೆಂದಾಗಿ ಹಿಡೀತಾರೆ, ಹಂಗೆ."

"ಹಿಂದೆ ದೊಡ್ಡ ಸ್ಕ್ರೀನಲ್ಲಿ ಅಚ್ಚರ ಬಿದ್ದಿರುತ್ತೆ ಕಣೆ. ತಮಿಳಲ್ಲೇ ಐತೆ. ನೀನು ಒಂದು ಓದಿ ಸ್ಕ್ರೀನು ಒಂದು ಹೇಳಿದ್ರೆ?"

"ಕಾಚ್ಚಲು, ಮೈ ಸುಡ್ತಾ ಐತೆ ಅಂತ ಮನೇಲಿ ಮಲಗ್ತೀನಿ."

"ನಿಮ್ಮಮ್ಮ ನಮ್ಮನೇಗೆ ಬಂದು ನಮ್ಮಮ್ಮನ ಪಟ್ಟುಸೀಲೆ ಕೇಳಿ ಇಸ್ಕೊಂಡಾಯ್ತು. ಬೀದಿ ಬೀದಿನೇ ಬರ್ತಾ ಐತೆ ನಿನ್ನ ಓದು ಕೇಳಕ್ಕೆ. ಅಷ್ಟಕ್ಕೂ ಸಾರ್‌ಗೆ ಕನ್ನಡ ಬರಲ್ಲ, ಬಿಡು."

"ನಕ್ಕರೆ? ಹಾಲೆಲ್ಲ ನಕ್ಕರೆ ಯಾಕೆ ನಕ್ರು ಅಂತ ಕೇಳಲ್ವಾ?"

 ಬಸ್ಸು ಬಂತು. ಆಗಲೇ ತೆನ್ಮೊಳಿಗೆ ತನ್ನ ಬುದ್ಧಿಯ ಅಳತೆ ಸಿಕ್ಕಿದ್ದು. ಕನ್ನಡದಲ್ಲಿ ಬರೆದರೆ ಯಾರಿಗೂ ತಿಳಿಯದು ಎಂದುಕೊಂಡಿದ್ದಳು. ಆ ಶಾಲೆಗೆ ಮಕ್ಕಳನ್ನು ಕಳಿಸುವವರಲ್ಲಿ ಅರ್ಧಕ್ಕರ್ಧ ಮಂದಿ ಆ ಮಾತನ್ನೇ ಹಾಸಿ ಹೊದೆಯುವವರು. ಯಾವುದನ್ನು ಗುಟ್ಟು ಎಂದುಕೊಂಡಿದ್ದಳೋ ಅದು ಗುಟ್ಟಾಗಿ ಉಳಿದದ್ದು ಸತ್ಯಾ ಮಿಸ್‌ಗೆ, ದಂಡಪಾಣಿ ಸಾರ್‌ಗೆ ಮಾತ್ರ.

ಶುಕ್ರವಾರ ಅವಳು ಕೆಮ್ಮಿ ನೋಡಿದಳು, ನಡುಗಿ ನೋಡಿದಳು. ಊರಿನವರ ದನಿಯನ್ನೆಲ್ಲ ಅನುಕರಿಸುವವಳಿಗೆ ತನ್ನದೇ ಜ್ವರವನ್ನು ಅನುಕರಿಸಲು ಬರಲಿಲ್ಲ. ನಾಚಿಯಮ್ಮ ಹಣೆ ಮುಟ್ಟಿ, "ಐಸ್ ಇದ್ದಂಗೈತೆ," ಎಂದಳು. ಅದು ಸುಳ್ಳಾಗಿರಲಿಲ್ಲ. ಭಯಕ್ಕೆ ಹಣೆ ತಣ್ಣಗೇ ಇತ್ತು.

ಶನಿವಾರ ಹಾಲು ತುಂಬಿತ್ತು. ಮುಂದಿನ ಸಾಲಿನ ನಡುವೆ ಬೆಳ್ಳಿಯಪ್ಪ, ಅವರ ಪಕ್ಕದಲ್ಲಿ ಹೆಡ್‌ಮಾಸ್ಟರು, ತುದಿಯಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡ ದಂಡಪಾಣಿ ಸಾರ್. ಹಿಂದೆ ಮಗ್ಗದ ಬೀದಿ, ಅದರ ಹಿಂದೆ ತೋಟದ ಕಡೆಯವರು, ಗೋಡೆಗುಂಟ ಕ್ಲಾಸಿನ ಮಕ್ಕಳು. ನಾಚಿಯಮ್ಮ ಮೂರನೆಯ ಸಾಲಿನಲ್ಲಿ ಸಾಲದ ಪಟ್ಟೆಸೀರೆಯಲ್ಲಿ ನೆಟ್ಟಗೆ ಕೂತಿದ್ದಳು. ಪರದೆಯ ಮೇಲೆ ತೆನ್ಮೊಳಿಯ ಅಕ್ಷರಗಳು ಆಳೆತ್ತರ ನಿಂತಿದ್ದವು.

ಅವಳು ಮೈಕ್ ಹಿಡಿದಳು. ಮೊದಲ ಮೂರು ಪದ ಅವಳಿಗೇ ಕೇಳಿಸಲಿಲ್ಲ. "ದಂಡಪಾಣಿ ಸಾರು" ಎಂದಾಗ ತುದಿಯಲ್ಲಿ ಕೂತಿದ್ದ ಸಾರ್ ತಮ್ಮ ಹೆಸರು ಕೇಳಿ ಬೆನ್ನು ನೇರ ಮಾಡಿದರು. "ಪುರಿಯುದಾ" ಎಂಬಲ್ಲಿ ಅವಳು ಬೇಕೆಂದು ಮಾಡಲಿಲ್ಲ, ದನಿ ತಾನಾಗಿಯೇ ಮೂಗಿಗೆ ಏರಿಬಿಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಎಂದರು. "ಇನ್ನೂ ಏನೂ ಹೇಳಿರ್ಲಿಲ್ಲ" ಎನ್ನುವಷ್ಟರಲ್ಲಿ ಮಗ್ಗದ ಬೀದಿ ಪೂರ್ತಿ ನಗುತ್ತಿತ್ತು. ಬೆಳ್ಳಿಯಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದರು.

ಅವಳು ಕದ್ದು ತುದಿಯ ಕುರ್ಚಿ ನೋಡಿದಳು. ದಂಡಪಾಣಿ ಸಾರ್ ಕೂಡ ನಗುತ್ತಿದ್ದರು.

ಎಲ್ಲರೂ ಯಾವಾಗ ನಗುತ್ತಾರೋ ಅದಕ್ಕೆ ಅರ್ಧ ಗಳಿಗೆ ತಡವಾಗಿ ಅವರೂ ನಗುತ್ತಿದ್ದರು. ಆಚೀಚೆ ನೋಡಿ, ಪಕ್ಕದವರ ಮುಖದಿಂದ ನಗುವನ್ನು ಎರವಲು ತಂದು ತಮ್ಮ ಮುಖಕ್ಕೆ ಹಚ್ಚಿಕೊಂಡು, ತಲೆಯಾಡಿಸುತ್ತಿದ್ದರು. ತನ್ನ ಬಗ್ಗೆ ಒಳ್ಳೆಯದೇನೋ ಹೇಳುತ್ತಿದ್ದಾಳೆ, ತನಗೆ ತಿಳಿಯದಿದ್ದರೇನಂತೆ ಎಂಬ ಮುಖ. ಆ ಮುಖ ತೆನ್ಮೊಳಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕ್ಲಾಸಿನಲ್ಲಿ ಬೋರ್ಡು ನೋಡುತ್ತ ಅವಳು ಹಾಕಿಕೊಳ್ಳುತ್ತಿದ್ದ ಮುಖ ಅದೇ.  ಅಲ್ಲಿಂದ ಮುಂದೆ ಬ್ಯೂರೆಟ್ಟಿನ ಭಾಗವನ್ನು ಅವಳು ತಗ್ಗಿದ ದನಿಯಲ್ಲಿ, ಉಸಿರು ತೆಗೆದುಕೊಳ್ಳದೆ ಓದಿದಳು. ಕೊನೆಯ ಸಾಲಿಗೆ ಯಾರೂ ನಗಲಿಲ್ಲ. ಸಾರ್ ಒಬ್ಬರೇ ಜೋರಾಗಿ ಚಪ್ಪಾಳೆ ತಟ್ಟಿದರು.

ಮೀಟಿಂಗ್ ಮುಗಿದು ಜನ ಕಾಫಿಯ ಕಡೆ ಸರಿಯುತ್ತಿದ್ದಾಗ ಬೆಳ್ಳಿಯಪ್ಪ ಅವಳನ್ನು ಕಿಟಕಿಯ ಪಕ್ಕಕ್ಕೆ ಕರೆದರು.

"ಚೆಂದಾಗಿ ಓದ್ದೆ. ಸಾರ್ ಕೇಳಿದ್ರೆ ಏನೋ ಒಂದು ಹೇಳು, ಹೊಗಳಿದ್ದೀನಿ ಅನ್ನು. ಇದು ನಮ್ಮ ನಮ್ಮೊಳಗೆ ಇರಲಿ. ಅವರನ್ನ ಮುಂದಿನ ವರ್ಷ ಇಟ್ಕೊಬೇಕಾ ಬೇಡವಾ, ಅದು ನಾನು ನೋಡ್ಕೋತೀನಿ. ನಿನ್ನ ಹೆಸರು ಬರಲ್ಲ."

ಅವರು ಊರುಗೋಲು ಊರಿಕೊಂಡು ಹೋದರು. ತೆನ್ಮೊಳಿ ಕಿಟಕಿಯ ಸರಳು ಹಿಡಿದು ನಿಂತಳು. ತಾನು ಗೆಳತಿಯರಿಗೆಂದು ಬರೆದ ನಾಲ್ಕು ನಗೆಯ ಸಾಲು ಈಗ ಒಬ್ಬರ ಕೆಲಸದ ಕುತ್ತಿಗೆಗೆ ಬಂದಿತ್ತು.

"ತೆನ್ಮೊಳಿ." ಹಿಂದೆ ದಂಡಪಾಣಿ ಸಾರ್. ಕಾಫಿ ಲೋಟ ಹಿಡಿದು ನಿಂತಿದ್ದರು. ಇಪ್ಪತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. "ನನ್ನ ಮೇಲೆ ಬ್ಲಾಗ್ ಬರೆದಿದ್ದೀಯ ಅಂತ ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಯಾವ ಮಕ್ಕಳೂ ನನ್ನ ಬಗ್ಗೆ ಒಂದು ಸಾಲು ಬರೆದಿಲ್ಲಮ್ಮಾ. ಏನು ಬರೆದಿದ್ದೆ? ತಮಿಳಿನಲ್ಲಿ ಹೇಳು. ಮನೆಯಲ್ಲಿ ನಮ್ಮ ತಾಯಿಗೆ ಹೇಳಬೇಕು."

"ಸಾರ್..."

"ಪ್ರಾಕ್ಟಿಕಲ್ಸ್ ಬಗ್ಗೆ ನೀನು ತಲೆ ಕೆಡಿಸ್ಕೋಬೇಡ. ನಾನಿದ್ದೀನಿ."

ಮೂವತ್ತು ಮಾರ್ಕು ಅವಳ ಮುಂದೆ ಬಂದು ನಿಂತಿತು. ಒಂದು ಸುಳ್ಳು ಸಾಕಾಗಿತ್ತು. ಅದೂ ಕಷ್ಟದ ಸುಳ್ಳಲ್ಲ, ಬುಧವಾರವೇ ಅಭ್ಯಾಸ ಮಾಡಿಟ್ಟುಕೊಂಡದ್ದು. ಸಾರ್ ಚೆನ್ನಾಗಿ ಪಾಠ ಮಾಡುತ್ತಾರೆ, ಪಿಪೆಟ್ಟು ಚೆನ್ನಾಗಿ ಹಿಡಿಯುತ್ತಾರೆ. ಅವಳು ಬಾಯಿ ತೆರೆದಳು. ಸಾರ್ ಅವರ ಮುಖದಲ್ಲಿ ಹಾಲಿನ ಆ ನಗು ಇನ್ನೂ ಅಂಟಿಕೊಂಡಿತ್ತು. ಅದನ್ನು ನೋಡುತ್ತ ಸುಳ್ಳು ಹೇಳಲು ಅವಳಿಂದಾಗಲಿಲ್ಲ.

"ಲ್ಯಾಬಲ್ಲಿ ಹೇಳ್ತೀನಿ ಸಾರ್. ಇಲ್ಲಿ ಬೇಡ."

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಅವಳು ಬಾಗಿಲ ಹತ್ತಿರವೇ ನಿಂತಳು, ಓಡಬೇಕಾಗಿ ಬಂದರೆ ಎಂದು. ಅಲ್ಲಿಂದಲೇ ಒಂದೊಂದು ಸಾಲನ್ನೂ ತಮಿಳಿಗೆ ತಿರುಗಿಸಿ ಹೇಳಿದಳು. ಮೂಗಿನ ದನಿ ಮಾಡಲಿಲ್ಲ. ಮೂವತ್ತೇಳು ಸಲ ಎಂಬುದನ್ನು ಹೇಳಿದಳು, ಕಿವಿ ಯಾರಿಗೂ ಬೇಡ ಎಂಬುದನ್ನೂ ಹೇಳಿದಳು. ಸಾರ್ ಅವರ ಕೈಯ ಲೋಟ ಮೆಲ್ಲಗೆ ಕೆಳಗಿಳಿಯಿತು. ಬ್ಯೂರೆಟ್ಟು, ಬೋರ್ಡು, ಸೈನು. ಕೊನೆಯ ಸಾಲನ್ನು ಎರಡು ಸಲ ಹೇಳಬೇಕಾಯಿತು.

ಸಾರ್ ಸ್ಟೂಲಿನ ಮೇಲೆ ಕೂತರು. ಏನೋ ಕೇಳಲು ಬಾಯಿ ತೆರೆದು, ಆ ಪದ ತುಟಿಗೆ ಬಂದದ್ದು ತಮಗೇ ಗೊತ್ತಾಗಿ, ಮುಚ್ಚಿಕೊಂಡರು. ಹೊರಗೆ ಯಾರೋ ಕುರ್ಚಿಗಳನ್ನು ಮಡಚಿ ಪೇರಿಸುತ್ತಿದ್ದ ಸದ್ದು.

"ಕರೆಸ್ಪಾಂಡೆಂಟ್ ಐಯಾ ನಕ್ಕರು," ಎಂದರು ಕೊನೆಗೆ. "ಅವರಿಗೆ ಎಲ್ಲ ತಿಳೀತು."

"ತಿಳೀತು ಸಾರ್."

"ನಾನೂ ನಕ್ಕೆ."

ಅವಳು ನೆಲ ನೋಡಿದಳು. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

"ಮುಂದಿನ ವರ್ಷ ನಿಮ್ಮನ್ನ... ಅವರು ಯೋಚನೆ ಮಾಡ್ತಾರಂತೆ ಸಾರ್," ಎಂದಳು. ಹೇಳಿದ್ದು ಸರಿಯೋ ತಪ್ಪೋ ಎಂದು ತಿಳಿಯುವ ಮೊದಲೇ ಹೇಳಿಯಾಗಿತ್ತು.

ಸಾರ್ ಆರು ಬ್ಯೂರೆಟ್ಟುಗಳ ಸಾಲಿನ ಕಡೆ ಕೈ ತೋರಿಸಿದರು. "ಆರರಲ್ಲಿ ನಾಲ್ಕು ಸೋರುತ್ತೆ. ನಲವತ್ತೆರಡು ಮಕ್ಕಳು, ಎರಡು ಪೀರಿಯಡ್ಡು. ನಾನು ಬೇರೆ ಏನು ಮಾಡಬೇಕಿತ್ತು ಹೇಳು." ಅದು ಅವಳಿಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ. ಆಮೇಲೆ ಕೈ ಚಾಚಿದರು. "ರೆಕಾರ್ಡ್ ಕೊಡು."

ಅವಳ ರೆಕಾರ್ಡು ಬೀರುವಿನಲ್ಲಿತ್ತು. ತಂದುಕೊಟ್ಟಳು. ಅವರು ಆ ಪುಟ ತೆಗೆದು, ಕೆಂಪು ಪೆನ್ನಿನ ಮುಚ್ಚಳ ಕಚ್ಚಿ ತೆಗೆದು, ತಮ್ಮದೇ ಸೈನಿನ ಮೇಲೆ ಅಡ್ಡಗೆರೆ ಎಳೆದರು. ಹಿಂದಿನ ಪುಟ ತಿರುಗಿಸಿ ಅಲ್ಲಿನ ಸೈನನ್ನೂ ಹೊಡೆದರು. ಹತ್ತು ಪ್ರಯೋಗ, ಹತ್ತು ಗೆರೆ. 

"ಸಾರ್, ಸೈನಿಲ್ಲದೆ ಪರೀಕ್ಷೆಗೆ ಕೂರಿಸಲ್ಲ ಸಾರ್."

"ಕೂರಿಸಲ್ಲ."

"ಮೂರು ವಾರಾನೂ ಇಲ್ಲ ಸಾರ್."

"ಸೋಮವಾರದಿಂದ ಬೆಳಿಗ್ಗೆ ಏಳೂವರೆಗೆ ಬಾ. ಸೋರದ ಎರಡು ಬ್ಯೂರೆಟ್ಟಿದೆ. ಹತ್ತನ್ನೂ ಮಾಡು. ಏನು ಬರುತ್ತೋ ಅದನ್ನ ಬರಿ. ಬಂದದ್ದನ್ನೇ ಬರೆದರೆ ಸೈನ್ ಹಾಕ್ತೀನಿ."

"ಮುಗಿಯದಿದ್ದರೆ ಸಾರ್?"

"ಗೊತ್ತಿಲ್ಲ," ಎಂದರು ದಂಡಪಾಣಿ ಸಾರ್. ಎರಡು ವರ್ಷದಲ್ಲಿ ಅವರ ಬಾಯಿಂದ ಆ ಮಾತನ್ನು ಅವಳು ಕೇಳಿರಲಿಲ್ಲ.  ಅವರು ಬೀರುವಿನ ಕಡೆ ನೋಡಿದರು. "ಉಳಿದ ನಲವತ್ತೊಂದು ರೆಕಾರ್ಡನ್ನೂ ತಾ."

"ಎಲ್ಲರದ್ದಾ ಸಾರ್?"

"ಎಲ್ಲದರಲ್ಲೂ ನನ್ನ ಸೈನೇ ತಾನೆ ಇರೋದು."

ಬೀರು ತೆಗೆದಳು. ಕಂದು ರಟ್ಟಿನ ನೋಟುಗಳು ರೋಲ್ ನಂಬರಿನ ಪ್ರಕಾರ ಜೋಡಿಸಿಟ್ಟಿದ್ದವು. ಬೆಳಿಗ್ಗೆ ಅವಳ ಓದಿಗೆ ನಕ್ಕ ಮಕ್ಕಳೆಲ್ಲ ಅಲ್ಲಿದ್ದರು. ಸೋಮವಾರ ಈ ಲ್ಯಾಬಿನ ಬಾಗಿಲಲ್ಲಿ ನಲವತ್ತೊಂದು ಜನ ನಿಂತು, ಯಾರಿಂದ ಹೀಗಾಯಿತು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಉತ್ತರ ಬ್ಲಾಗಿನಲ್ಲೇ ಇದೆ. ಹತ್ತು ಹತ್ತಾಗಿ ಎದೆಗವುಚಿಕೊಂಡು ತಂದು ಮೇಜಿನ ಮೇಲಿಟ್ಟಳು. ಸಾರ್ ತೆಗೆಯುತ್ತ, ಗೆರೆ ಎಳೆಯುತ್ತ, ಪಕ್ಕಕ್ಕಿಡುತ್ತ ಹೋದರು. ತಲೆಯೆತ್ತಲಿಲ್ಲ.

ಕೊನೆಯ ಹೊರೆಗೆ ಬಗ್ಗಿದಾಗ ಬೀರುವಿನ ತಳದಲ್ಲಿ ಅಭಿನಯಾಳ ನೋಟು ಸಿಕ್ಕಿತು. ಅವಳು ರಟ್ಟಿಗೆ ತಾನೇ ಬಣ್ಣದ ಕಾಗದ ಹಾಕಿ, ಮೂಲೆಗೆ ಹೂವು ಬರೆದಿದ್ದಳು. ಅಭಿನಯಾಳ ಅಕ್ಕನ ಮದುವೆ ಇನ್ನು ಹತ್ತು ದಿನಕ್ಕೆ, ಬೆ‍ಳಿಗ್ಗೆ ಏಳೂವರೆಗೆ ಅವಳು ಎಲ್ಲಿಂದ ಬಂದಾಳು? ಒಂದು ನೋಟು ಕಡಿಮೆಯಾದರೂ ಎಣಿಸುವ ಸ್ಥಿತಿಯಲ್ಲಿ ಸಾರ್ ಇರಲಿಲ್ಲ. ಬೀರುವಿನ ಹಿಂದೆ ಜಾರಿಸಿಬಿಟ್ಟರೆ ಅಲ್ಲೇ ಇರುತ್ತಿತ್ತು, ಸೈನಿನ ಸಮೇತ.

ತೆನ್ಮೊಳಿ ಬಗ್ಗಿದಲ್ಲೇ ಬಗ್ಗಿ ಉಸಿರು ಹಿಡಿದಳು. ಹಿಂದೆ ಪೆನ್ನಿನ ಗೆರೆಯ ಸದ್ದು ನಿಂತಿತು.

"ಇನ್ನೂ ಇದೆಯಾ?" ಎಂದರು ಸಾರ್.

"ಒಂದಿದೆ ಸಾರ್," ಎಂದು ಅವಳು ಅದನ್ನೂ ತಂದು ಮೇಜಿನ ಮೇಲಿಟ್ಟಳು.